ಫಿನ್ಸ್‌ಬರಿಯ ಮೂರು ಮತಗಳು

ಒಂದೊಂದು ಮತವೂ ಬೆಲೆಯುಳ್ಳದ್ದೆಂದು ಚುನಾವಣೆಯ ಕಾಲದಲ್ಲಿ ಹೇಳದ ಭಾಷಣಕಾರನಿಲ್ಲ. ಕೇಳಿದವರಲ್ಲಿ ಅದನ್ನು ನಂಬುವವರು ಮಾತ್ರ ವಿರಳ. ಆದರೆ 2016ರಲ್ಲಿ ಮಂಜೇಶ್ವರ ವಿಧಾನಸಭಾ ಕ್ಷೇತ್ರದ ಭವಿಷ್ಯ ಕೇವಲ 89 ಮತಗಳಿಂದ ನಿರ್ಧಾರವಾದುದನ್ನೂ 2021ರಲ್ಲಿ ಮತ್ತೆ 745 ಮತಗಳಿಂದ ನಿರ್ಧಾರವಾದುದನ್ನೂ ಕಂಡ ನಮ್ಮ ಜಿಲ್ಲೆಯ ಮತದಾರರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಇದಕ್ಕಿಂತಲೂ ಕಡಿಮೆ ಅಂತರದಲ್ಲಿ, ಬರೇ ಮೂರು ಮತಗಳಲ್ಲಿ, ಇಡೀ ಭಾರತದ ದನಿಯೊಂದು ಬ್ರಿಟಿಷ್ ಪಾರ್ಲಿಮೆಂಟನ್ನು ಪ್ರವೇಶಿಸಿದ ಪ್ರಸಂಗವನ್ನು ಇಲ್ಲಿ ಸ್ಮರಿಸುವುದು ಅಪ್ರಸ್ತುತವಾಗಲಾರದು. ಆ ದನಿ ದಾದಾಭಾಯಿ ನವರೋಜಿಯವರದು. ಅದನ್ನು ಒಳಗೆ ಬಿಟ್ಟ ಕ್ಷೇತ್ರ ಲಂಡನ್ನಿನ ಸೆಂಟ್ರಲ್ ಫಿನ್ಸ್‌ಬರಿ. ನವರೋಜಿಯವರ ಹೆಸರನ್ನು ನಮ್ಮ ಶಾಲಾ ಮಕ್ಕಳೂ ಬಲ್ಲರು. ಕ್ಷೇತ್ರದ ಕಥೆಯನ್ನು ಬಲ್ಲವರು ಕಡಿಮೆ.

ಫಿನ್ಸ್‌ಬರಿಗೆ ಮೊದಲ ಬಾರಿಗೆ ಪಾರ್ಲಿಮೆಂಟಿನಲ್ಲಿ ಸ್ಥಾನ ದೊರೆತುದು 1832ರ ಸುಧಾರಣಾ ಕಾಯಿದೆಯಿಂದ. ಆಗ ಅದು ಇಬ್ಬರು ಸದಸ್ಯರನ್ನು ಕಳುಹಿಸುವ ದೊಡ್ಡ ಕ್ಷೇತ್ರ. ಸರಕಾರಕ್ಕೆ ತಲೆಬಾಗದವರನ್ನು ಆರಿಸುವುದು ಅಲ್ಲಿನವರ ಚಾಳಿಯೇ ಆಗಿತ್ತೆನ್ನಬಹುದು. 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯನ್ನು ಸ್ಥಾಪಿಸಿದ ಥಾಮಸ್ ವಾಕ್ಲಿ ಅಲ್ಲಿಂದಲೇ ಆರಿಸಿ ಬಂದವರು. ದುಡಿಯುವವರಿಗೆ ಮತಾಧಿಕಾರ ಬೇಕೆಂದು ಚಾರ್ಟಿಸ್ಟರು ಸಂಗ್ರಹಿಸಿದ 1842ರ ಮಹಾಮನವಿಯನ್ನು ಸದನದ ಮುಂದಿಟ್ಟ ಥಾಮಸ್ ಡನ್ಕೂಂಬ್ ಕೂಡ ಫಿನ್ಸ್‌ಬರಿಯ ಸದಸ್ಯರೇ. 1885ರಲ್ಲಿ ಕ್ಷೇತ್ರಗಳ ಪುನರ್ವಿಂಗಡಣೆಯಾದಾಗ ಈ ದೊಡ್ಡ ಕ್ಷೇತ್ರವನ್ನು ಒಡೆದರು. ಕ್ಲರ್ಕನ್‌ವೆಲ್ ಪ್ರದೇಶವನ್ನು ಒಳಗೊಂಡ ನಡುವಿನ ಭಾಗ ಏಕಸದಸ್ಯ ಕ್ಷೇತ್ರವಾಯಿತು. ಗಡಿಯಾರ ಮಾಡುವವರು, ಚಿನಿವಾರರು, ಮುದ್ರಣಾಲಯದ ಕೆಲಸಗಾರರು ಇಕ್ಕಟ್ಟಾದ ಬೀದಿಗಳಲ್ಲಿ ಮನೆ ಹಿಡಿದಿದ್ದ ಜಾಗವದು. ಸ್ವಿಸ್ ಮತ್ತು ಅಮೆರಿಕನ್ ಯಂತ್ರದ ಗಡಿಯಾರಗಳು ಬಂದು ಕೈಕೆಲಸದ ಗಡಿಯಾರಗಾರರ ಅನ್ನ ಕಡಿಮೆಯಾಗುತ್ತಿದ್ದ ಕಾಲವೂ ಹೌದು.

ಈ ಹೊಸ ಕ್ಷೇತ್ರ 33 ವರ್ಷ ಬಾಳಿತು. ಎಂಟು ಮಹಾಚುನಾವಣೆಗಳನ್ನು ಕಂಡಿತು, ಆರು ಮಂದಿಯನ್ನು ಕಳುಹಿಸಿತು. ಯಾವ ಪಕ್ಷಕ್ಕೂ ಅದು ಕಟ್ಟಿದ ಹಸುವಾಗಿರಲಿಲ್ಲ. 1885ರಲ್ಲಿ ಲಿಬರಲ್ ಪಕ್ಷದ ಹವರ್ಡ್ ಸ್ಪೆನ್ಸ್‌ಲಿ ಗೆದ್ದರು. ಇವರು ಆಸ್ಟ್ರೇಲಿಯದ ವಿಕ್ಟೋರಿಯಾ ವಸಾಹತಿನಲ್ಲಿ ರಾಜಕಾರಣ ಮಾಡಿ ಹಿಂದಿರುಗಿದವರು. ಮರುವರ್ಷವೇ ಕನ್ಸರ್ವೇಟಿವ್ ಪಕ್ಷದ ಕ್ಯಾಪ್ಟನ್ ಫ್ರೆಡರಿಕ್ ಪೆಂಟನ್ ಅದನ್ನು ಕಸಿದುಕೊಂಡರು. ಅಲ್ಲಿನ ಪೆಂಟನ್‌ವಿಲ್ ಎಂಬ ಬಡಾವಣೆಗೆ ಹೆಸರು ಬಂದುದೇ ಪೆಂಟನ್ ಮನೆತನದಿಂದ. ಊರಿಗೇ ತನ್ನ ಹೆಸರಿರುವ ಅಭ್ಯರ್ಥಿಯನ್ನು ಎದುರಿಸುವುದೆಂದರೆ ಏನೆಂಬುದು ನಮ್ಮ ಹಳೆಯ ಗುತ್ತು-ಬೀಡುಗಳ ನಾಡಿನವರಿಗೆ ತಿಳಿಯದ ವಿಷಯವಲ್ಲ.

ಅಂಥ ಅಭ್ಯರ್ಥಿಯ ಎದುರು ನಿಂತವರು ಬೊಂಬಾಯಿಯ ಪಾರ್ಸಿ. 1825ರಲ್ಲಿ ಹುಟ್ಟಿದ ನವರೋಜಿಯವರಿಗೆ ಆಗಲೇ ಅರುವತ್ತು ದಾಟಿತ್ತು. 1886ರಲ್ಲಿ ನೆರೆಯ ಹೋಲ್ಬರ್ನ್ ಕ್ಷೇತ್ರದಲ್ಲಿ ನಿಂತು ಸೋತಿದ್ದರು. 1888ರಲ್ಲಿ ಸೆಂಟ್ರಲ್ ಫಿನ್ಸ್‌ಬರಿಯ ಲಿಬರಲರು ಅವರನ್ನು ಆರಿಸಿದರೂ, ಆ ಆಯ್ಕೆಯನ್ನು ಒಪ್ಪದ ಸ್ವಪಕ್ಷೀಯರು ಪ್ರತಿಸ್ಪರ್ಧಿಯನ್ನು ಮುಂದೆ ಮಾಡಿ ವರ್ಷಗಟ್ಟಲೆ ಸತಾಯಿಸಿದರು. ಎದುರು ಪಕ್ಷದವರು ಹೊರಗಿನಿಂದ ಹೊಡೆದರೆ ಸ್ವಪಕ್ಷದವರು ಒಳಗಿನಿಂದ ಕೊಯ್ದರು. ಅಲ್ಪಸಂಖ್ಯಾತ ಅಭ್ಯರ್ಥಿಗೆ ಟಿಕೇಟು ಸಿಗುವಲ್ಲಿಯೇ ಅರ್ಧ ಆಯುಸ್ಸು ಮುಗಿಯುವುದು ಹೊಸ ಸಂಗತಿಯೇನಲ್ಲ.

ಅದೇ 1888ರ ನವೆಂಬರಿನಲ್ಲಿ ಪ್ರಧಾನಿ ಲಾರ್ಡ್ ಸಾಲಿಸ್‌ಬರಿ ಎಡಿನ್‌ಬರೋದಲ್ಲಿ ಮಾತನಾಡುತ್ತಾ, ಮನುಷ್ಯಕುಲ ಎಷ್ಟೇ ಮುಂದುವರಿದಿದ್ದರೂ ಬ್ರಿಟಿಷ್ ಕ್ಷೇತ್ರವೊಂದು ಕರಿಯನೊಬ್ಬನನ್ನು ಆರಿಸುವ ಮಟ್ಟಕ್ಕೆ ಇನ್ನೂ ಬಂದಿದೆಯೇ ಎಂಬ ಬಗ್ಗೆ ತನಗೆ ಸಂದೇಹವಿದೆ ಎಂಬ ಅರ್ಥದ ಮಾತನ್ನಾಡಿಬಿಟ್ಟರು. ಬಣ್ಣವನ್ನೇ ನೋಡುವುದಾದರೆ ನವರೋಜಿಯವರು ಸಾಲಿಸ್‌ಬರಿಗಿಂತ ಬೆಳ್ಳಗಿದ್ದರೆಂದು ಆಗ ಅನೇಕರು ನಕ್ಕರು. ಲಿಬರಲ್ ಮುಖಂಡರು ಖಂಡಿಸಿದರು. ಅದುವರೆಗೆ ಕೆಲವರಿಗಷ್ಟೇ ಗೊತ್ತಿದ್ದ ಹೆಸರು ಇಂಗ್ಲೆಂಡಿನ ಮೂಲೆಮೂಲೆಗೂ ಮುಟ್ಟಿತು. ಪ್ರಚಾರಕ್ಕೆ ಸಾವಿರಗಟ್ಟಲೆ ಪೌಂಡು ಸುರಿದರೂ ಬಾರದ ಖ್ಯಾತಿಯನ್ನು ಪ್ರಧಾನಿಯವರು ಪುಕ್ಕಟೆಯಾಗಿ ಒದಗಿಸಿಕೊಟ್ಟರು.

ನವರೋಜಿ ಮತ ಕೇಳಿದ ರೀತಿಯನ್ನು ನಾವು ವಿಶೇಷವಾಗಿ ಗಮನಿಸಬೇಕು. ಫಿನ್ಸ್‌ಬರಿಯ ಗಡಿಯಾರಗಾರನಿಗೆ ಭಾರತದ ಬಡತನದ ಲೆಕ್ಕವನ್ನು ಮಾತ್ರ ಒಪ್ಪಿಸಿ ಅವರು ಕೈಮುಗಿಯಲಿಲ್ಲ. ಐರ್ಲೆಂಡಿಗೆ ಸ್ವರಾಜ್ಯ, ಕಾರ್ಮಿಕರಿಗೆ ಎಂಟು ಗಂಟೆಯ ದುಡಿಮೆ, ಲಂಡನ್ನಿನ ಪೌರಾಡಳಿತದ ಸುಧಾರಣೆ, ಸ್ತ್ರೀಯರಿಗೆ ಮತಾಧಿಕಾರ ಮುಂತಾದ ಅಲ್ಲಿಯ ಪ್ರಶ್ನೆಗಳನ್ನು ತನ್ನವೆಂದು ಎತ್ತಿಕೊಂಡರು. ಪಾರ್ಸಿ ಪೇಟವನ್ನು ತೆಗೆದು ಇಂಗ್ಲಿಷ್ ಟೋಪಿ ಧರಿಸಿದರು. ಅಂತೂ 1892ರ ಜುಲೈಯಲ್ಲಿ ಮತದಾನ ನಡೆದಾಗ ಇಬ್ಬರಿಗೂ ಬಿದ್ದ ಮತಗಳು ತಲಾ ಮೂರು ಸಾವಿರಕ್ಕಿಂತ ತುಸು ಕಡಿಮೆ. ಮೊದಲ ಎಣಿಕೆಯಲ್ಲಿ ಅಂತರ 5, ಮರುಎಣಿಕೆಯಲ್ಲಿ 3! ಪೆಂಟನ್ ಚುನಾವಣಾ ತಕರಾರು ಅರ್ಜಿ ಹಾಕಿದರು. ಆದರೂ ನವರೋಜಿಯವರ ಸ್ಥಾನಕ್ಕೆ ಚ್ಯುತಿ ಬರಲಿಲ್ಲ. ನವರೋಜಿ ಎಂಬ ಹೆಸರು ಇಂಗ್ಲಿಷರ ನಾಲಗೆಗೆ ತೊಡಕು. ಆದುದರಿಂದ ಗೇಲಿಗಾರರು ಅದನ್ನು 'ನ್ಯಾರೋ ಮೆಜಾರಿಟಿ', ಅಂದರೆ ಕೂದಲೆಳೆಯ ಬಹುಮತ, ಎಂದು ತಿರುಗಿಸಿದರು.

ಟೋಪಿ ಬದಲಿಸಿದ ಈ ವೃದ್ಧರು ಸದನದಲ್ಲಿ ಪ್ರಮಾಣವಚನ ಸ್ವೀಕರಿಸುವಾಗ ಕೈಯಲ್ಲಿ ಹಿಡಿದುದು ಬೈಬಲನ್ನಲ್ಲ, ತಮ್ಮ ಧರ್ಮಗ್ರಂಥವಾದ ಖೋರ್ದೆ ಅವೆಸ್ತಾವನ್ನು. ಬಹುಸಂಖ್ಯಾತರ ನಡುವೆ ಬದುಕುವವನು ಯಾವುದನ್ನು ಬಿಟ್ಟುಕೊಡಬಹುದು, ಯಾವುದನ್ನು ಬಿಡಬಾರದು ಎಂಬ ವಿವೇಚನೆ ಅವರಿಗಿತ್ತು. ಪೇಟವನ್ನು ಬಿಡಬಹುದು, ಅವೆಸ್ತಾವನ್ನು ಬಿಡಲಾಗದು. ಮಂಜೇಶ್ವರದ ಶಾಸಕ ಎ.ಕೆ.ಎಂ. ಅಶ್ರಫ್ ಅವರು 2021ರಲ್ಲಿ ಕೇರಳ ವಿಧಾನಸಭೆಯಲ್ಲಿ ಕನ್ನಡದಲ್ಲಿ ಪ್ರಮಾಣವಚನ ಸ್ವೀಕರಿಸಿದಾಗ, ಅವರಿಗೆ ಮತ ಕೊಟ್ಟವರೂ ಕೊಡದವರೂ ಸಂತೋಷಪಟ್ಟುದು ಇಂಥದೇ ಕಾರಣಕ್ಕಾಗಿ ಎಂದು ನಾವು ಭಾವಿಸುತ್ತೇವೆ.

ಆ 1892ರಲ್ಲಿ ನಮ್ಮ ಕಾಸರಗೋಡು ತಾಲೂಕು ಮದರಾಸು ಅಧಿಪತ್ಯದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ಭಾಗ. ಶಾಸನ ಸಭೆಗೆ ಮತ ಹಾಕುವ ಹಕ್ಕು ಇಲ್ಲಿನ ಯಾವ ರೈತನಿಗೂ, ಯಾವ ವ್ಯಾಪಾರಿಗೂ ಇರಲಿಲ್ಲ. ಅದೇ ವರ್ಷದ ಭಾರತೀಯ ಶಾಸನಸಭೆಗಳ ಕಾಯಿದೆ, ಪೌರಸಭೆಗಳೇ ಮುಂತಾದ ಸಂಸ್ಥೆಗಳು ಕೆಲವರ ಹೆಸರನ್ನು ಶಿಫಾರಸು ಮಾಡಬಹುದೆಂದಿತೇ ಹೊರತು 'ಚುನಾವಣೆ' ಎಂಬ ಶಬ್ದವನ್ನು ಬಳಸಲೂ ಹಿಂಜರಿಯಿತು. ಕೋಟಿಗಟ್ಟಲೆ ಜನರ ಪರವಾಗಿ ಕಾಮನ್ಸ್ ಸಭೆಯಲ್ಲಿ ನಿಂತು ಮಾತನಾಡುವ ಅಧಿಕಾರವನ್ನು ಒಬ್ಬ ಭಾರತೀಯನಿಗೆ ಕೊಟ್ಟವರು, ಹಾಗಾದರೆ, ಭಾರತವನ್ನು ಕಣ್ಣಾರೆ ಕಾಣದ ಕ್ಲರ್ಕನ್‌ವೆಲ್ಲಿನ ಗಂಡಸರು. ಗಂಡಸರು ಎಂದು ಬೇಕೆಂದೇ ಹೇಳಿದ್ದೇವೆ. ಹೆಂಗಸರಿಗೆ ಆಗ ಮತವಿರಲಿಲ್ಲ. ಬಾಡಿಗೆ ಕೋಣೆಯಲ್ಲಿರುವವನು ವರ್ಷಕ್ಕೆ 10 ಪೌಂಡು ಬಾಡಿಗೆಯ ಜಾಗದಲ್ಲಿ ಹನ್ನೆರಡು ತಿಂಗಳು ಒಂದೇ ಕಡೆ ಇದ್ದು, ಪ್ರತಿ ವರ್ಷವೂ ಹೊಸದಾಗಿ ಅರ್ಜಿ ಹಾಕಬೇಕಿತ್ತು. ಬಡತನದ ಪರಿಹಾರ ಪಡೆದವನ ಹೆಸರು ಪಟ್ಟಿಯಿಂದ ಹೋಗುತ್ತಿತ್ತು. ಮೂರು ಮತಗಳ ಚುನಾವಣೆ ಮತಗಟ್ಟೆಯಲ್ಲಿ ಮಾತ್ರವಲ್ಲ, ಈ ಪಟ್ಟಿಯಲ್ಲಿಯೂ ನಡೆದಿತ್ತು.

ಸಿಕ್ಕಿದ ಮೂರು ವರ್ಷಗಳಲ್ಲಿ ನವರೋಜಿ ಏನು ಸಾಧಿಸಿದರು ಎಂದು ಕೇಳುವವರಿಗೆ ಉತ್ತರ ಅಷ್ಟು ಸುಲಭವಲ್ಲ. ಸಿವಿಲ್ ಸರ್ವಿಸ್ ಪರೀಕ್ಷೆಯನ್ನು ಇಂಗ್ಲೆಂಡಿನಲ್ಲಿಯೂ ಭಾರತದಲ್ಲಿಯೂ ಏಕಕಾಲಕ್ಕೆ ನಡೆಸಬೇಕೆಂಬ ನಿರ್ಣಯ 1893ರ ಜೂನ್‌ನಲ್ಲಿ 76ರ ವಿರುದ್ಧ 84 ಮತಗಳಿಂದ ಅಂಗೀಕಾರವಾಯಿತು. ಇಲ್ಲಿಯೂ ಕೂದಲೆಳೆಯೇ! ಸರಕಾರ ಅದನ್ನು ಜಾರಿಗೆ ತರಲಿಲ್ಲ. ಭಾರತದಲ್ಲಿ ಆ ಪರೀಕ್ಷೆ ನಡೆದುದು 1922ರಲ್ಲಿ, ನವರೋಜಿ ತೀರಿಕೊಂಡು ಐದು ವರ್ಷಗಳಾದ ಮೇಲೆ. ಭಾರತದ ಖರ್ಚುವೆಚ್ಚದ ಬಗ್ಗೆ 1895ರಲ್ಲಿ ನೇಮಕವಾದ ವೆಲ್ಬಿ ಆಯೋಗದಲ್ಲಿ ಅವರು ಸದಸ್ಯರಾದರು. ತಮ್ಮ 'ಸಂಪತ್ತಿನ ಸೋರಿಕೆ' ವಾದವನ್ನು ಅಲ್ಲಿಯೂ ಅಂಕಿಸಂಖ್ಯೆಗಳೊಂದಿಗೆ ಮುಂದಿಟ್ಟರು. ಕಾನೂನಾಗಿ ಕೈಗೆ ಬಂದುದು ಅತ್ಯಲ್ಪ. ಆದರೆ ಅಂದಿನಿಂದ ಭಾರತದ ಪರ ವಾದ ಅರ್ಜಿದಾರನ ವಾದವಾಗಿ ಉಳಿಯಲಿಲ್ಲ, ಸದಸ್ಯನ ವಾದವಾಯಿತು. 1893ರ ಕೊನೆಯಲ್ಲಿ ಲಾಹೋರ್ ಕಾಂಗ್ರೆಸ್ಸಿನ ಅಧ್ಯಕ್ಷತೆಗೆಂದು ಬಂದ ಅವರನ್ನು ದೇಶ ಸ್ವಾಗತಿಸಿದ ಸಡಗರವೇ ಅದರ ಬೆಲೆಯನ್ನು ಹೇಳುತ್ತದೆ.

1895ರಲ್ಲಿ ಅವರು ಸೋತರು. ಕನ್ಸರ್ವೇಟಿವ್ ಪಕ್ಷದ ಮ್ಯಾಸಿ-ಮೇನ್‌ವೇರಿಂಗ್ ಸುಮಾರು 800 ಮತಗಳ ಅಂತರದಿಂದ ಗೆದ್ದರು. ಭಾರತದ ಚಿಂತೆಯಲ್ಲಿ ಫಿನ್ಸ್‌ಬರಿಯನ್ನು ಮರೆತರೆಂದು ಇದಕ್ಕೆ ಕಾರಣ ಕೊಡುವವರಿದ್ದಾರೆ. ನಾವು ಅದನ್ನು ಪೂರ್ತಿ ಒಪ್ಪಲಾರೆವು. ಆ ವರ್ಷ ಲಿಬರಲ್ ಪಕ್ಷವೇ ದೇಶದುದ್ದಕ್ಕೂ ನೆಲಕಚ್ಚಿತ್ತು. ಸ್ವಾರಸ್ಯವೆಂದರೆ, ಅದೇ ಚುನಾವಣೆಯಲ್ಲಿ ಲಂಡನ್ನಿನ ಈಶಾನ್ಯ ಬೆತ್ನಲ್ ಗ್ರೀನ್ ಕ್ಷೇತ್ರದಿಂದ ಇನ್ನೊಬ್ಬ ಪಾರ್ಸಿ, ಮಂಚೆರ್ಜಿ ಭಾವನಗರಿ, ಕನ್ಸರ್ವೇಟಿವ್ ಪಕ್ಷದಿಂದ ಗೆದ್ದು ಬಂದರು. ಬ್ರಿಟಿಷ್ ಆಡಳಿತವನ್ನು ಹೊಗಳುತ್ತಿದ್ದುದರಿಂದ ಭಾರತದ ರಾಷ್ಟ್ರೀಯವಾದಿಗಳು ಅವರನ್ನು 'ಬೋ ಅಂಡ್ ಅಗ್ರೀ' ಎಂದು ಹಾಸ್ಯ ಮಾಡಿದರು. ತಲೆಬಾಗಿ ಒಪ್ಪುವವನು ಎಂದು ಅರ್ಥ. ನಮ್ಮವನೊಬ್ಬ ಸದನದಲ್ಲಿದ್ದ ಮಾತ್ರಕ್ಕೆ ನಮ್ಮ ಮಾತು ಸದನದಲ್ಲಿ ಕೇಳಿಸುತ್ತದೆಂಬ ಭರವಸೆಯಿಲ್ಲ.

ಮುಂದಿನ ಕಥೆಯನ್ನು ಬೇಗನೆ ಹೇಳಬಹುದು. 1906ರಲ್ಲಿ ನವರೋಜಿ ಉತ್ತರ ಲ್ಯಾಂಬೆತ್‌ನಲ್ಲಿ ಸ್ಪರ್ಧಿಸಿ ಮತ್ತೆ ಸೋತರು. ಅದೇ ವರ್ಷ ಅವರ ಹಳೆಯ ಕ್ಷೇತ್ರ ದೋಣಿ ಕಟ್ಟುವ ಕಸುಬಿನಿಂದ ಬಂದ ಕಾರ್ಮಿಕ ನಾಯಕ ಡಬ್ಲ್ಯು.ಸಿ. ಸ್ಟೆಡ್‌ಮನ್ ಅವರನ್ನು ಆರಿಸಿತು. 1910ರಲ್ಲಿ ನಡೆದ ಎರಡು ಚುನಾವಣೆಗಳಲ್ಲಿಯೂ ಕನ್ಸರ್ವೇಟಿವ್ ಪಕ್ಷದ ಮಾರ್ಟಿನ್ ಆರ್ಚರ್-ಶೀ ಗೆದ್ದರು. ಐದು ಶಿಲ್ಲಿಂಗಿನ ಪೋಸ್ಟಲ್ ಆರ್ಡರ್ ಕದ್ದನೆಂಬ ಸುಳ್ಳು ಆರೋಪಕ್ಕೆ ಗುರಿಯಾಗಿ ನೌಕಾಶಾಲೆಯಿಂದ ಹೊರಹಾಕಲ್ಪಟ್ಟ, ಬಳಿಕ ನಿರ್ದೋಷಿಯೆಂದು ಸಾಬೀತಾದ ಬಾಲಕನ ಮಲಸೋದರ ಇವರು. 1918ರಲ್ಲಿ ಕ್ಷೇತ್ರವೇ ರದ್ದಾಯಿತು. ಫಿನ್ಸ್‌ಬರಿ ಒಂದೇ ಕ್ಷೇತ್ರವಾಗಿ, 1950ರಲ್ಲಿ ಶೋರ್‌ಡಿಚ್‌ನೊಡನೆ, 1974ರಲ್ಲಿ ದಕ್ಷಿಣ ಇಸ್ಲಿಂಗ್ಟನ್‌ನೊಡನೆ ಸೇರಿತು. ಆದರೂ ಆ ನೆಲಕ್ಕೆ ಭಾರತದ ನಂಟು ತಪ್ಪಲಿಲ್ಲ. 1938ರಲ್ಲಿ ಫಿನ್ಸ್‌ಬರಿ ಪೌರಸಭೆಗೆ ಪಂಜಾಬಿನ ಡಾ. ಚುನಿಲಾಲ್ ಕಟಿಯಾಲ್ ಮೇಯರಾದರು. ನೆರೆಯ ಸೇಂಟ್ ಪ್ಯಾಂಕ್ರಾಸ್‌ನಲ್ಲಿ ಆ ಕಾಲಕ್ಕೆ ಕೌನ್ಸಿಲರ್ ಆಗಿದ್ದವರು ನಮ್ಮ ಕೋಝಿಕ್ಕೋಡಿನ ವಿ.ಕೆ. ಕೃಷ್ಣ ಮೆನನ್.

ಇನ್ನು ನಮ್ಮ ಮಾತಿಗೆ ಬರೋಣ. 1957ರಲ್ಲಿ ಕೇರಳದ ಮೊದಲ ವಿಧಾನಸಭೆಗೆ ಮಂಜೇಶ್ವರದಿಂದ ಎಂ. ಉಮೇಶ ರಾವ್ ಅವಿರೋಧವಾಗಿ ಆಯ್ಕೆಯಾದರು. ಅರುವತ್ತರ ದಶಕದಲ್ಲಿ ಕರ್ನಾಟಕ ಸಮಿತಿಯ ಬಲದಿಂದ ಕಳ್ಳಿಗೆ ಮಹಾಬಲ ಭಂಡಾರಿಯವರು ಗೆದ್ದರು. ಭಾಷೆಯೊಂದೇ ಮತ ತಂದುಕೊಟ್ಟ ಕಾಲವದು. ಎಪ್ಪತ್ತರ ದಶಕದಿಂದೀಚೆಗೆ ಎಂ. ರಾಮಪ್ಪ, ಡಾ. ಎ. ಸುಬ್ಬರಾವ್ ಮುಂತಾದವರು ಕಮ್ಯೂನಿಸ್ಟ್ ಪಕ್ಷದ ಚಿಹ್ನೆಯಲ್ಲಿ ಗೆದ್ದರು. ತುಳು, ಬ್ಯಾರಿ, ಮಲೆಯಾಳ, ಕೊಂಕಣಿ, ಮರಾಠಿ ಮನೆಮಾತಿನವರೆಲ್ಲ ಕೂಡಿರುವ ಕ್ಷೇತ್ರದಲ್ಲಿ ಕನ್ನಡಿಗರು ತಮ್ಮ ಮತಗಳಿಂದಲೇ ತಮ್ಮ ದನಿಯನ್ನು ಕಳುಹಿಸುವ ದಿನಗಳು ಹಿಂದಾದವು. ಇದು ವಿಷಾದದ ಸಂಗತಿಯೆಂದು ಹಲವರು ಹೇಳುತ್ತಾರೆ. ಜಿಲ್ಲೆಯ ತೆಂಕು ಭಾಗದಲ್ಲಂತೂ ಆ ದಿನಗಳು ಎಂದೂ ಇರಲಿಲ್ಲ. ಆದರೆ ಇತರರ ಮತದಿಂದ ಗೆದ್ದು ತನ್ನವರ ಮಾತನ್ನು ಆಡಲು ಸಾಧ್ಯವೆಂಬುದಕ್ಕೆ ಫಿನ್ಸ್‌ಬರಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ರಸ್ತೆ, ಕುಡಿಯುವ ನೀರು, ಎಂಡೋಸಲ್ಫಾನ್ ಸಂತ್ರಸ್ತರ ಪಾಡು ಇವು ಎಲ್ಲ ಭಾಷೆಯವರ ಪ್ರಶ್ನೆಗಳು. ಅವುಗಳಲ್ಲಿ ಮುಂದೆ ನಿಂತವನು ಕನ್ನಡ ಶಾಲೆಗೆ ಕನ್ನಡ ಬಲ್ಲ ಅಧ್ಯಾಪಕನನ್ನೇ ನೇಮಿಸಿ ಎಂದಾಗ ಮಲೆಯಾಳಿ ಮತದಾರನೂ ತಲೆದೂಗುತ್ತಾನೆ.

ಇದಕ್ಕೆ ಮೊದಲು ನಮ್ಮವರ ಹೆಸರು ಪಟ್ಟಿಯಲ್ಲಿರಬೇಕಷ್ಟೆ. ಕನ್ನಡದ ಹೆಸರು ಮಲೆಯಾಳ ಲಿಪಿಗೆ ಹೋಗಿ, ಅಲ್ಲಿಂದ ಇಂಗ್ಲಿಷಿಗೆ ಹೋಗಿ ಮರಳುವಷ್ಟರಲ್ಲಿ ಗಂಡನ ಹೆಸರು, ಮನೆಯ ಹೆಸರು ಗುರುತು ಸಿಗದಂತಾಗುವುದು ಇಲ್ಲಿ ಹೊಸತೇನೂ ಅಲ್ಲ. ಭಾಷಾ ಅಲ್ಪಸಂಖ್ಯಾತರು ಸರಕಾರದೊಡನೆ ಕನ್ನಡದಲ್ಲಿಯೇ ವ್ಯವಹರಿಸಲು 1969ರ ಕೇರಳ ಅಧಿಕೃತ ಭಾಷೆಗಳ ಕಾಯಿದೆ ಅವಕಾಶ ಕೊಟ್ಟಿದೆ. ಮತದಾರರ ಪಟ್ಟಿಯ ಪರಿಷ್ಕರಣೆಗೆ ಸಂಬಂಧಿಸಿದ ಅರ್ಜಿ, ನೋಟೀಸು, ತಕರಾರು ಫಾರಂಗಳೆಲ್ಲ ಕಾಸರಗೋಡು, ಮಂಜೇಶ್ವರ ತಾಲೂಕುಗಳ ಪ್ರತಿಯೊಂದು ಮತಗಟ್ಟೆಯಲ್ಲಿಯೂ ಕನ್ನಡದಲ್ಲಿ ಸಿಗುವಂತೆ ಜಿಲ್ಲಾಧಿಕಾರಿಗಳು ವ್ಯವಸ್ಥೆ ಮಾಡಬೇಕು. ಕನ್ನಡ ಓದಬಲ್ಲ ಒಬ್ಬ ಮತಗಟ್ಟೆ ಅಧಿಕಾರಿಯನ್ನಾದರೂ ಪ್ರತಿ ಗ್ರಾಮಕ್ಕೆ ನೇಮಿಸಬೇಕು. ಪಕ್ಷಗಳ ಕಾರ್ಯಕರ್ತರು ಮತದಾನದ ದಿನ ಮನೆ ಬಾಗಿಲಿಗೆ ಜೀಪು ಕಳುಹಿಸುವ ಉತ್ಸಾಹದಲ್ಲಿ ಹತ್ತರಲ್ಲೊಂದು ಪಾಲನ್ನಾದರೂ ಕರಡು ಪಟ್ಟಿ ಹೊರಬಿದ್ದ ವಾರದಲ್ಲಿ ತೋರಿಸಲಿ.