ನಮ್ಮೂರಿಗೆ ಎಷ್ಟು ಸ್ಟಾರ್?

ಲಾಂಗ್ ವೀಕೆಂಡ್ ಹತ್ರ ಬಂತು ಅಂದ್ರೆ ಸಾಕು, ಸಕಲೇಶಪುರ, ಆಲೂರು ಕಡೆಯಿಂದ ಬಂದಿರೋ ನಮಗೆ ಹಾಸ್ಟೆಲ್‌ನಲ್ಲಿ ಎಲ್ಲಿಲ್ಲದ ಬೇಡಿಕೆ. "ಮಗಾ, ನಿಮ್ಮೂರಲ್ಲಿ ಒಳ್ಳೆ ಸ್ಪಾಟ್ ಯಾವ್ದು? ಎಲ್ಲಿ ತಿನ್ನೋದು?" ಅಂತ ಕೇಳ್ತಾರೆ. ನಾವು ಬಾಯಿ ಬಿಡೋಷ್ಟರಲ್ಲಿ ಅವರೇ ಫೋನ್ ತೆಗೆದು, "ಇದಕ್ಕೆ 4.3 ಇದೆ, ಇದಕ್ಕೆ ಬರೀ 3.6, ಬೇಡ ಬಿಡು" ಅಂತ ತೀರ್ಪು ಕೊಟ್ಟಾಗಿರುತ್ತೆ. ಅಲ್ಲೇ ಹುಟ್ಟಿ ಬೆಳೆದ ನಾವು ಪಕ್ಕದ ಮಂಚದಲ್ಲೇ ಕೂತಿದ್ರೂ ನಂಬಿಕೆ ಮಾತ್ರ ಸ್ಟಾರ್ ಮೇಲೆ. ಹಿತ್ತಲ ಗಿಡ ಮದ್ದಲ್ಲ ಅಂತ ಹಿರಿಯರು ಸುಮ್ನೆ ಹೇಳಿಲ್ಲ.

ರಿವ್ಯೂ ಬರೆಯೋರನ್ನ ಬೈಯೋಕೆ ಈ ಲೇಖನ ಅಲ್ಲ. ಆ ಸ್ಟಾರ್‌ಗಳನ್ನ ಯಾರು ಕೊಟ್ರು, ಯಾವಾಗ ಕೊಟ್ರು, ಏನನ್ನ ಅಳೆದು ಕೊಟ್ರು ಅಂತ ಕೇಳೋಕೆ ಬರೀತಿದ್ದೀವಿ. ನಮ್ಮ ಅಭಿಪ್ರಾಯ ಇಷ್ಟೇ: ನಮ್ಮೂರಿನ ಹೋಟೆಲು, ಗುಡ್ಡ, ಕೋಟೆಗಳ ಬಗ್ಗೆ ಊರಿನವರೇ, ಕನ್ನಡದಲ್ಲೇ ಬರೀಬೇಕು. ಬರೆಯೋವಾಗ "ಎಷ್ಟು ಚೆನ್ನಾಗಿದೆ" ಅನ್ನೋದಕ್ಕಿಂತ ಮೊದಲು "ಯಾರಿಗೆ, ಯಾವಾಗ" ಅನ್ನೋದನ್ನ ಬರೀಬೇಕು.

ಸ್ಯಾಂಪಲ್ಲೇ ಸರಿ ಇಲ್ಲ

ಮ್ಯಾಥ್ಸ್ ಪೇಪರ್‌ನಲ್ಲಿ ಸ್ಯಾಂಪ್ಲಿಂಗ್ ಬಗ್ಗೆ ಐದು ಮಾರ್ಕಿಗೆ ಬರೆದು ಬಂದೋರು ನಾವೆಲ್ಲ. ಅದನ್ನೇ ಇಲ್ಲಿ ಹಾಕಿ ನೋಡಿ. ಸಕಲೇಶಪುರ ಇರೋದು ಬೆಂಗಳೂರು–ಮಂಗಳೂರು ರಾಷ್ಟ್ರೀಯ ಹೆದ್ದಾರಿ 75ರಲ್ಲಿ. ಇಲ್ಲಿಯ ಹೋಟೆಲುಗಳಿಗೆ ರಿವ್ಯೂ ಬರೆಯೋರಲ್ಲಿ ಹೆಚ್ಚಿನವರು ಶನಿವಾರ, ಭಾನುವಾರ ಕಾರಲ್ಲಿ ಬಂದು, ಮಧ್ಯಾಹ್ನ ಒಂದೂವರೆಗೆ ಹಸಿದು, ಜನಜಂಗುಳಿಯಲ್ಲಿ ಟೇಬಲ್‌ಗೆ ಕಾದು ತಿಂದವರು. ಸೋಮವಾರ ಬೆಳಗ್ಗೆ ಏಳಕ್ಕೆ ಅದೇ ಹೋಟೆಲಲ್ಲಿ ತಿಂಡಿ ತಿನ್ನೋ ಬಸ್ ಡ್ರೈವರ್ರು, ಆಟೋದವರು, ತಾಲೂಕು ಆಫೀಸ್ ಕೆಲಸಕ್ಕೆ ಹಳ್ಳಿಯಿಂದ ಬಂದವರು, ಕಾಲೇಜು ಮಕ್ಕಳು ಯಾರೂ ರಿವ್ಯೂ ಬರೆಯಲ್ಲ. ಮರುದಿನ ಮತ್ತೆ ಅಲ್ಲಿಗೇ ಬರ್ತಾರಲ್ಲ, ಅದೇ ಅವರ ರಿವ್ಯೂ. ಆದ್ರೆ ಅದು ಮ್ಯಾಪ್‌ನಲ್ಲಿ ಕಾಣಲ್ಲ.

ಹಾಗಾಗಿ ಚಿಕ್ಕ ಹೋಟೆಲಿಗೆ ಬೀಳೋ ಒಂದು ಸ್ಟಾರ್‌ಗಳನ್ನ ಓದಿ ನೋಡಿ. ಪಾರ್ಕಿಂಗ್ ಇಲ್ಲ. ಮೆನು ಕಾರ್ಡ್ ಇಲ್ಲ. ಯುಪಿಐ ಬರ್ಲಿಲ್ಲ. ಹನ್ನೊಂದಕ್ಕೆ ಹೋದ್ರೆ ಇಡ್ಲಿ ಖಾಲಿ. ಎಲ್ಲಾ ನಿಜವೇ ಇರಬಹುದು. ಆದ್ರೆ ಇಡ್ಲಿ ಹೇಗಿತ್ತು ಅಂತ ಒಬ್ಬರೂ ಹೇಳಿರಲ್ಲ. ಹನ್ನೊಂದಕ್ಕೆ ಇಡ್ಲಿ ಖಾಲಿ ಆಗಿದೆ ಅಂದ್ರೆ ಹತ್ತೂವರೆವರೆಗೂ ಜನ ಕೇಳಿ ತಿಂದಿದ್ದಾರೆ ಅಂತ ತಾನೇ ಅರ್ಥ?

ಲೆಕ್ಕವನ್ನೂ ನೋಡೋಣ. ಒಂಬತ್ತು ಜನ ಐದೈದು ಸ್ಟಾರ್ ಕೊಟ್ಟ ಹೋಟೆಲಿಗೆ ಒಬ್ಬ ಸಿಟ್ಟಲ್ಲಿ ಒಂದು ಸ್ಟಾರ್ ಕೊಟ್ರೆ ಸರಾಸರಿ 5ರಿಂದ 4.6ಕ್ಕೆ ಇಳಿಯುತ್ತೆ. ಮೂರು ಸಾವಿರ ರೇಟಿಂಗ್ ಇರೋ ದೊಡ್ಡ ಹೋಟೆಲಿಗೆ ಅಂಥ ಒಂದು ಸಿಟ್ಟು ಲೆಕ್ಕಕ್ಕೇ ಬರಲ್ಲ. ಇದು ಬರೀ ಮರ್ಯಾದೆ ಪ್ರಶ್ನೆ ಅಲ್ಲ, ಹೊಟ್ಟೆಪಾಡಿನದ್ದೂ ಹೌದು. ಅಮೆರಿಕದ ಸಿಯಾಟಲ್ ನಗರದ ಹೋಟೆಲುಗಳ ಮೇಲೆ ಹಾರ್ವರ್ಡ್‌ನ ಮೈಕೆಲ್ ಲೂಕಾ ಮಾಡಿದ ಅಧ್ಯಯನದಲ್ಲಿ, ಯೆಲ್ಪ್‌ನಲ್ಲಿ ಒಂದು ಸ್ಟಾರ್ ಹೆಚ್ಚಾದ್ರೆ ಆದಾಯ ಶೇ. 5ರಿಂದ 9ರಷ್ಟು ಏರುತ್ತೆ ಅಂತ ಕಂಡುಬಂತು. ಆ ಪರಿಣಾಮ ಇದ್ದದ್ದು ಸ್ವತಂತ್ರ ಹೋಟೆಲುಗಳ ಮೇಲೆ. ದೊಡ್ಡ ಚೈನ್‌ಗಳ ಮೇಲೆ ಅಲ್ಲ. ಅಂದ್ರೆ ನಮ್ಮ ಬೆರಳ ತುದಿಯ ಬಿಸಿ ತಟ್ಟೋದು ಗಂಡ ಹೆಂಡತಿ ಇಬ್ಬರೇ ನಡೆಸೋ ಹೋಟೆಲಿಗೆ.

ಹಾಗಂತ ಸ್ಟಾರೇ ಬೇಡ ಅನ್ನೋಕೂ ಆಗಲ್ಲ. ಗುರುತಿಲ್ಲದ ಹೆದ್ದಾರಿಯಲ್ಲಿ ಸಂಜೆ ಹೋಗ್ತಿರೋ ನಾಲ್ಕು ಹುಡುಗೀರಿಗೆ ಎಲ್ಲಿ ಟಾಯ್ಲೆಟ್ ಕ್ಲೀನ್ ಇದೆ, ಎಲ್ಲಿ ನಿರಾಳವಾಗಿ ಕೂತು ತಿನ್ನಬಹುದು ಅಂತ ತಿಳಿಸೋದು ರಿವ್ಯೂನೇ. ಕೊಳಕು ಅಡುಗೆಮನೆಯನ್ನ, ಸುಲಿಗೆ ಬಿಲ್ಲನ್ನ ಬಯಲಿಗೆ ತರೋದೂ ಅದೇ. ನಮ್ಮ ತಕರಾರು ರಿವ್ಯೂ ಬಗ್ಗೆ ಅಲ್ಲ, ಒಂದೇ ನಂಬರ್‌ಗೆ ಎಲ್ಲವನ್ನೂ ತುರುಕೋದರ ಬಗ್ಗೆ.

ತಟ್ಟೆಯಲ್ಲಿ ಇರೋದು

ಅಕ್ಕಿ ರೊಟ್ಟಿಯನ್ನೇ ತಗೊಳ್ಳಿ. ತುಮಕೂರು, ಮೈಸೂರು ಕಡೆಯವರಿಗೆ ರೊಟ್ಟಿ ಅಂದ್ರೆ ಈರುಳ್ಳಿ, ಹಸಿಮೆಣಸಿನಕಾಯಿ, ಸಬ್ಬಸಿಗೆ ಹಾಕಿ ತಟ್ಟಿದ್ದು. ನಮ್ಮ ಮಲೆನಾಡಲ್ಲಿ ಅನ್ನವನ್ನೋ ಬೇಯಿಸಿದ ಹಿಟ್ಟನ್ನೋ ಚೆನ್ನಾಗಿ ನಾದಿ, ತೆಳ್ಳಗೆ ಮಾಡಿ, ಹಂಚಿನ ಮೇಲೆ ಬೇಯಿಸಿ, ಆಮೇಲೆ ಕೆಂಡದ ಮೇಲೆ ಉಬ್ಬಿಸೋದು. ಅದರಲ್ಲಿ ಉಪ್ಪು ಬಿಟ್ರೆ ಬೇರೇನೂ ಇರಲ್ಲ. ರುಚಿ ಜೊತೆಗಿರೋ ಪಲ್ಯಕ್ಕೋ ಸಾರಿಗೋ ಬಿಟ್ಟಿದ್ದು. "ರೊಟ್ಟಿ ಸಪ್ಪೆ, ಈರುಳ್ಳಿನೇ ಇಲ್ಲ" ಅಂತ ಎರಡು ಸ್ಟಾರ್ ಕೊಟ್ರೆ ಆ ರೊಟ್ಟಿ ಪಾಪ ಏನು ಮಾಡಬೇಕು? ಕಡುಬಿನ ಕಥೆಯೂ ಇದೇ. ಬಯಲುಸೀಮೆಯ ಗೆಳೆಯರು ಕಡುಬು ಅಂದ್ರೆ ಹೂರಣ ತುಂಬಿದ ಸಿಹಿ ಅಂದ್ಕೊಂಡಿರ್ತಾರೆ. ನಮ್ಮ ಕಡೆ ಅಕ್ಕಿ ತರಿಯ ಉಂಡೆ, ಹಬೆಯಲ್ಲಿ ಬೇಯಿಸಿದ್ದು, ಜೊತೆಗೆ ಕೋಳಿ ಸಾರು. ಸಿಹಿ ಹುಡುಕಿಕೊಂಡು ಬಂದವರಿಗೆ ಕೋಳಿ ಸಾರು ಸಿಕ್ರೆ ಕೆಲವರಿಗೆ ಖುಷಿ, ಕೆಲವರಿಗೆ ಗಾಬರಿ!

ಇನ್ನೊಂದು ವಿಷಯ ಕಾಲದ್ದು. ಕಳಲೆ, ಅಣಬೆ, ಏಡಿ, ಮರಕೆಸು ಎಲ್ಲಾ ಮಳೆಗಾಲದ್ದು. ಕಳಲೆಯನ್ನಂತೂ ಹೆಚ್ಚಿ, ನೀರು ಬದಲಿಸ್ತಾ ಎರಡು ಮೂರು ದಿನ ನೆನೆಸಿದ ಮೇಲೇ ಅಡುಗೆಗೆ. ಏಪ್ರಿಲ್‌ನಲ್ಲಿ ಬಂದು, ಹೆದ್ದಾರಿಯಲ್ಲಿ ಇಪ್ಪತ್ತು ನಿಮಿಷ ನಿಂತು, "ಅಥೆಂಟಿಕ್ ಮಲ್ನಾಡ್ ಫುಡ್ ಸಿಗಲಿಲ್ಲ" ಅಂದ್ರೆ ಅದು ಹೋಟೆಲಿನ ತಪ್ಪಲ್ಲ, ಕ್ಯಾಲೆಂಡರಿನದ್ದು. ಯಾವ ತಿಂಗಳಲ್ಲಿ ತಿಂದ್ವಿ ಅನ್ನೋದೇ ಇಲ್ಲದ ಮಲೆನಾಡು ಊಟದ ರಿವ್ಯೂ ಅರ್ಧ ರಿವ್ಯೂ.

ನಾವೇ ಕಟುವಾಗಿ ಬರೀಬೇಕಾದ ವಿಷಯವೂ ಒಂದಿದೆ: ಕಾಫಿ. ಕೊಡಗು, ಚಿಕ್ಕಮಗಳೂರು ಜೊತೆ ಹಾಸನವೂ ರಾಜ್ಯದ ಮುಖ್ಯ ಕಾಫಿ ಜಿಲ್ಲೆ. ಮನೆ ಸುತ್ತ ಅರೇಬಿಕಾ, ರೊಬಸ್ಟಾ ಗಿಡ. ಆದ್ರೂ ನಮ್ಮೂರಿನ ಎಷ್ಟೋ ಹೋಟೆಲಲ್ಲಿ ಲೋಟಕ್ಕೆ ಬೀಳೋದು ಚಿಕೋರಿ ತುಂಬಿದ ಪುಡಿ. ಕಾಫಿ–ಚಿಕೋರಿ ಮಿಶ್ರಣದಲ್ಲಿ ಕಾಫಿ ಶೇ. 51 ಇದ್ರೆ ಸಾಕು ಅನ್ನುತ್ತೆ ಕಾನೂನು. ಬೆಳೆದ ಒಳ್ಳೆ ಬೀಜದ ಬಹುಪಾಲು ಹಡಗು ಹತ್ತುತ್ತೆ. ಹಾಗಂತ ಚಿಕೋರಿ ಪಾಪ ಏನಲ್ಲ, ಅದರ ಗಟ್ಟಿ ಬಣ್ಣ, ಕಹಿ ಇಷ್ಟಪಡೋರು ನಮ್ಮ ಮನೇಲೇ ಇದ್ದಾರೆ. ಆದ್ರೆ "ಎಸ್ಟೇಟ್ ಕಾಫಿ" ಅಂತ ಬೋರ್ಡ್ ಹಾಕಿ ದುಪ್ಪಟ್ಟು ರೇಟು ತಗೊಳ್ಳೋರನ್ನ "ಇದು ಯಾವ ಬೀಜ, ಚಿಕೋರಿ ಎಷ್ಟು?" ಅಂತ ಕೇಳಬೇಕಾದವರು ನಾವೇ. ಹೊರಗಿನವರಿಗೆ ಆ ಪ್ರಶ್ನೆ ಹೊಳೆಯೋದು ಕಷ್ಟ. ಊರಿನವರ ರಿವ್ಯೂ ಅಂದ್ರೆ ಬರೀ ಊರನ್ನ ಹೊಗಳೋದಲ್ಲ.

ಗುಡ್ಡ ಪಾರ್ಕ್ ಅಲ್ಲ

ಹೋಟೆಲಿನ ಬಗ್ಗೆ ತಪ್ಪು ಬರೆದ್ರೆ ಒಬ್ಬರ ವ್ಯಾಪಾರ ಕೆಡುತ್ತೆ. ಗುಡ್ಡದ ಬಗ್ಗೆ ತಪ್ಪು ಬರೆದ್ರೆ ಜೀವವೇ ಹೋಗಬಹುದು.

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿ.ಮೀ. ಘಾಟ್ ಹಳಿಯಲ್ಲಿ 57 ಸುರಂಗ, ನೂರಕ್ಕೂ ಹೆಚ್ಚು ಸೇತುವೆ. ಎಂಜಿನಿಯರಿಂಗ್ ಓದೋರಿಗೆ ನೋಡೋ ಆಸೆ ಆಗೋದು ಸಹಜ. ಹಳಿ ಮೇಲೆ ದೋಣಿಗಾಲ್‌ನಿಂದ ಎಡಕುಮೇರಿವರೆಗೆ ನಡೆಯೋ "ಗ್ರೀನ್ ರೂಟ್ ಟ್ರೆಕ್"ನ ಹೊಗಳಿಕೆ ಇವತ್ತಿಗೂ ಇಂಟರ್ನೆಟ್ ತುಂಬ ಇದೆ. ಆದ್ರೆ ಮೀಟರ್ ಗೇಜನ್ನ ಬ್ರಾಡ್ ಗೇಜ್ ಮಾಡೋಕೆ ರೈಲು ನಿಲ್ಲಿಸಿದ್ದ ವರ್ಷಗಳ ಕಥೆ ಬೇರೆ, ಈಗಿನದ್ದೇ ಬೇರೆ. 2007ರ ಕೊನೆಯಿಂದ ಅಲ್ಲಿ ಪ್ಯಾಸೆಂಜರ್ ರೈಲು ಓಡ್ತಿದೆ, ಗೂಡ್ಸ್ ರೈಲೂ ಓಡ್ತಿದೆ. ಸುರಂಗದೊಳಗೆ ರೈಲು ಎದುರಾದ್ರೆ ಓಡೋಕೆ ಜಾಗ ಎಲ್ಲಿ? ಹಳಿ ಮೇಲೆ ಅತಿಕ್ರಮವಾಗಿ ಹೋಗೋದು 1989ರ ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಪ್ರಕಾರ ಅಪರಾಧ. ಆರು ತಿಂಗಳವರೆಗೆ ಜೈಲು, ಇಲ್ಲವೇ ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಹಳೇ ರಿವ್ಯೂಗೆ ಎಕ್ಸ್‌ಪೈರಿ ಡೇಟ್ ಇರಲ್ಲ, ತೊಂದರೆ ಇರೋದೇ ಅಲ್ಲಿ. ಹಗಲು ರೈಲಿನ ಕಿಟಕಿ ಪಕ್ಕ ಕೂತ್ರೆ ಅದೇ ಕಣಿವೆ ಕಾಣುತ್ತೆ. ದುಡ್ಡಿದ್ರೆ 2021ರಿಂದ ಈ ದಾರಿಯಲ್ಲಿ ಗಾಜಿನ ಛಾವಣಿಯ ವಿಸ್ಟಾಡೋಮ್ ಬೋಗಿಯೂ ಇದೆ.

ಇನ್ನು ಆನೆ. ಆಲೂರು, ಸಕಲೇಶಪುರ ತಾಲೂಕುಗಳಲ್ಲಿ ಆನೆ ಕಾಡಿನಲ್ಲಷ್ಟೇ ಇಲ್ಲ. ತೋಟದಲ್ಲಿದೆ, ಗದ್ದೆಯಲ್ಲಿದೆ, ಶಾಲೆಗೆ ಹೋಗೋ ದಾರಿಯಲ್ಲಿದೆ. ಆನೆ ಗುಂಪು ಎಲ್ಲಿದೆ ಅಂತ ಫೋನಿಗೆ ಬಂದ ಮೆಸೇಜ್ ನೋಡಿ ಕೂಲಿಗೆ ಹೋಗೋದೋ ಬೇಡ್ವೋ ಅಂತ ತೀರ್ಮಾನ ಮಾಡೋ ಮನೆಗಳು ನಮ್ಮವು. ಎಂಟು ಸಲ ದಸರಾ ಅಂಬಾರಿ ಹೊತ್ತ ಅರ್ಜುನ ಸತ್ತಿದ್ದು 2023ರ ಡಿಸೆಂಬರ್ 4ರಂದು, ಇದೇ ಸಕಲೇಶಪುರ ತಾಲೂಕಿನ ಯಸಳೂರು ಕಾಡಲ್ಲಿ, ಕಾಡಾನೆ ಹಿಡಿಯೋ ಕಾರ್ಯಾಚರಣೆಯಲ್ಲಿ. ಪಳಗಿದ ದೈತ್ಯನಿಗೇ ಹಾಗಾದ್ರೆ ಬೈಕಲ್ಲಿ ಬಂದವರ ಪಾಡೇನು? "ಸನ್‌ರೈಸ್‌ಗೆ ಬೆಳಗಿನ ಜಾವ ನಾಲ್ಕಕ್ಕೆ ಹೊರಡಿ, ರೋಡ್ ಖಾಲಿ ಇರುತ್ತೆ, ಐದು ಸ್ಟಾರ್" ಅಂತ ಓದಿದಾಗ ನಮ್ಮ ಎದೆ ಝಲ್ ಅನ್ನುತ್ತೆ. ರೋಡ್ ಖಾಲಿ ಇರೋದು ಊರಿನವರು ಆ ಹೊತ್ತಲ್ಲಿ ಹೊರಗೆ ಬರಲ್ಲ ಅನ್ನೋ ಕಾರಣಕ್ಕೆ.

"ಹಿಡನ್ ಜೆಮ್" ಅಂತ ಲೊಕೇಶನ್ ಹಾಕೋದೂ ಹೀಗೇ. ಆ ಹಳ್ಳ ಯಾರದೋ ತೋಟದೊಳಗೆ ಇರುತ್ತೆ. ಹತ್ತು ಜನ ಬಂದಾಗ ತೋಟದವರು ನೀರು ಕೊಟ್ಟು ಮಾತಾಡಿಸ್ತಾರೆ. ಇನ್ನೂರು ಜನ ಬಂದಾಗ ಬಾಟಲಿ ಚೂರು ಹೆಕ್ಕೋದು ಅವರ ಮನೆ ಕೆಲಸದವರು. ಅಮೆರಿಕದ ಜಾಕ್ಸನ್ ಹೋಲ್ ಅನ್ನೋ ಗುಡ್ಡಗಾಡು ಊರಿನ ಪ್ರವಾಸೋದ್ಯಮ ಮಂಡಳಿ 2018ರಲ್ಲಿ "ಫೋಟೋ ಹಾಕಿ, ನಿಖರ ಜಾಗ ಹಾಕಬೇಡಿ" ಅಂತ ಪ್ರಚಾರವನ್ನೇ ಮಾಡ್ತು. ಪ್ರವಾಸಿಗರಿಂದಲೇ ಬದುಕೋ ಊರು ಹಾಗೆ ಹೇಳಬಹುದಾದ್ರೆ ನಾವೂ ಹೇಳಬಹುದು.

ಹಾಗಾದ್ರೆ ಪಾರ್ಕ್ ಎಲ್ಲಿ?

"ಸುತ್ತ ಇಷ್ಟು ಹಸಿರಿರೋವಾಗ ನಿಮಗ್ಯಾಕೆ ಪಾರ್ಕು?" ಅಂತ ಕೇಳ್ತಾರೆ. ದೂರದ ಬೆಟ್ಟ ನುಣ್ಣಗೆ. ಆ ಹಸಿರಿನ ಹೆಚ್ಚು ಭಾಗ ಬೇಲಿ ಹಾಕಿದ ತೋಟ, ಉಳಿದಿದ್ದರಲ್ಲಿ ಬಹಳಷ್ಟು ಅರಣ್ಯ ಇಲಾಖೆಯದ್ದು. ಸಂಜೆ ಐದೂವರೆಗೆ ಮಂಡಿ ನೋವಿನ ಅಜ್ಜಿ ಹೋಗಿ ಕೂರೋಕೆ, ಮೂರು ವರ್ಷದ ಮಗು ಓಡಾಡೋಕೆ ಯಾವ ಗುಡ್ಡ ಸಿಗುತ್ತೆ? ಹಾಸನದವರಿಗೆ ಊರ ಮಧ್ಯೆ ಮಹಾರಾಜ ಪಾರ್ಕ್ ಇದೆ. ನಮ್ಮ ಕಡೆಯವರು ಸಕಲೇಶ್ವರ ದೇವಸ್ಥಾನದ ಅಂಗಳ, ಹೇಮಾವತಿ ದಡ, ಶಾಲೆ ಮೈದಾನ, ರೈಲ್ವೆ ಸ್ಟೇಷನ್ನಿನ ಬೆಂಚು ಹುಡುಕ್ತಾರೆ. ಈ ಜಾಗಗಳಿಗೆ ಯಾರೂ ಸ್ಟಾರ್ ಕೊಡಲ್ಲ. ಬೀದಿ ದೀಪ ಉರಿಯುತ್ತಾ, ಬೆಂಚಿದೆಯಾ, ಮಳೆ ಬಂದ್ರೆ ಸೂರಿದೆಯಾ ಅಂತ ಯಾರೂ ಬರೆಯಲ್ಲ. ಬರೆಯದೇ ಇದ್ರೆ ಪುರಸಭೆಯವರ, ಪಂಚಾಯಿತಿಯವರ ಕಿವಿಗೆ ಬೀಳೋದು ಹೇಗೆ? ವ್ಯೂ ಪಾಯಿಂಟ್‌ಗೆ ರೇಲಿಂಗ್ ಬರುತ್ತೆ, ಅಜ್ಜಿಗೆ ಬೆಂಚು ಬರಲ್ಲ.

ನಮ್ಮ ಐದು ಪ್ರಶ್ನೆ

ಊರಿಗೆ ಹೋದಾಗ ಬರೆಯೋಣ. ಬರೆಯೋ ಮುಂಚೆ ಈ ಐದಕ್ಕೆ ಉತ್ತರ ಇರಲಿ:

1. ಯಾವ ತಿಂಗಳು, ಯಾವ ವಾರ, ಎಷ್ಟು ಹೊತ್ತಿಗೆ ಹೋಗಿದ್ದು?
2. ಬಸ್ಸಲ್ಲಿ ಬರೋರು ತಲುಪಬಹುದಾ? ವಾಪಸ್ ಕೊನೆ ಬಸ್ ಎಷ್ಟಕ್ಕೆ?
3. ಏನು ತಿಂದ್ರಿ ಅಥವಾ ಏನು ನೋಡಿದ್ರಿ? ಪಾರ್ಕಿಂಗ್ ಬಗ್ಗೆ ಆಮೇಲೆ ಬರೆಯಿರಿ.
4. ವಯಸ್ಸಾದವರಿಗೆ, ಹೆಣ್ಣುಮಕ್ಕಳಿಗೆ ಅನುಕೂಲ ಇದೆಯಾ? ಟಾಯ್ಲೆಟ್ ಹೇಗಿದೆ?
5. ನಾವು ಹೀಗೆ ಬರೆದಿದ್ದರಿಂದ ಇನ್ನೂರು ಜನ ಬಂದ್ರೆ ಆ ಜಾಗ ತಡೆಯುತ್ತಾ?

ಹೋಟೆಲಾದ್ರೆ ಕನಿಷ್ಠ ಎರಡು ಮೂರು ಸಲ ತಿಂದ ಮೇಲೇ ಬರೆಯೋಣ. ದೊಡ್ಡ ಪತ್ರಿಕೆಗಳ ಆಹಾರ ವಿಮರ್ಶಕರೂ ಹಾಗೇ ಮಾಡ್ತಾರೆ. ಈ ಲೇಖನದಲ್ಲಿ ಒಂದು ಹೋಟೆಲಿನ ಹೆಸರೂ ಇಲ್ಲದಿರೋದು ಅದಕ್ಕೇ.

ಮಾದರಿಗೆ ಒಂದು, ನಮ್ಮ ಕಡೆಯಿಂದ:

"ಮಂಜರಾಬಾದ್ ಕೋಟೆ, ದೋಣಿಗಾಲ್. ಪಟ್ಟಣದಿಂದ ಐದಾರು ಕಿ.ಮೀ., ಹೆದ್ದಾರಿ ಪಕ್ಕದಲ್ಲೇ. ಮಂಗಳೂರು ಕಡೆ ಹೋಗೋ ಬಸ್ಸಲ್ಲಿ ಇಳಿಯಬಹುದಾ ಅಂತ ಕಂಡಕ್ಟರನ್ನ ಮೊದಲೇ ಕೇಳಿ. 1792ರಲ್ಲಿ ಟಿಪ್ಪು ಕಟ್ಟಿಸಿದ್ದು. ಎಂಟು ಮೂಲೆಯ ನಕ್ಷತ್ರದ ಆಕಾರ. ಒಂದು ಮೂಲೆಯ ಗೋಡೆಗೆ ಬಂದ ಶತ್ರುವನ್ನ ಪಕ್ಕದ ಮೂಲೆಯಿಂದ ಹೊಡೆಯಬಹುದು, ಅವಿತುಕೊಳ್ಳೋ ಸಂದಿ ಸಿಗಲ್ಲ. ಆದ್ರೆ ಡ್ರೋನ್ ಫೋಟೋದ ನಕ್ಷತ್ರ ಒಳಗೆ ನಿಂತಾಗ ಕಾಣಲ್ಲ. ಗೋಡೆಯ ಉದ್ದಕ್ಕೆ ಒಂದು ಸುತ್ತು ಹಾಕಿ, ತಿರುವುಗಳನ್ನ ಎಣಿಸಿ, ಆಗ ಅರ್ಥ ಆಗುತ್ತೆ. ನಡುವೆ ಮೆಟ್ಟಿಲಿಳಿಯೋ ಕೊಳ ಇದೆ. ಹತ್ತೋಕೆ ಮೆಟ್ಟಿಲು ತುಂಬ, ಮಂಡಿ ನೋವಿನವರಿಗೆ ಕಷ್ಟ. ಜುಲೈನಲ್ಲಿ ಹೋದ್ರೆ ಮಂಜು ಬಿಟ್ಟು ಏನೂ ಕಾಣದೇ ಇರಬಹುದು, ಕಲ್ಲೂ ಜಾರುತ್ತೆ. ಗೋಡೆ ಮೇಲೆ ಹೆಸರು ಕೆತ್ತಬೇಡಿ."

ಸ್ಟಾರ್ ಹಾಕಿಲ್ಲ. ಓದಿದ ಮೇಲೆ ಹೋಗಬೇಕೋ ಬೇಡ್ವೋ ಅಂತ ನಿಮಗೇ ಗೊತ್ತಾಗುತ್ತೆ.

ಸಕಲೇಶಪುರದವರಷ್ಟೇ ಅಲ್ಲ, ಹುಬ್ಬಳ್ಳಿ, ಕೋಲಾರ, ಕಾರವಾರ, ಬೀದರ್, ಯಾವ ಊರಿನವರಾದ್ರೂ ಸರಿ. ಮುಂದಿನ ರಜೆಯಲ್ಲಿ ನಿಮ್ಮೂರಿನ ಒಂದು ಹೋಟೆಲು, ಒಂದು ಕೂರೋ ಜಾಗದ ಬಗ್ಗೆ ಇನ್ನೂರು ಪದ ಬರೆದು ಸಂಘಕ್ಕೆ ಕಳಿಸಿ. ಬಂದಿದ್ದನ್ನ ಮುಂದಿನ ಸಂಚಿಕೆಯಲ್ಲಿ ಊರುವಾರು ಹಾಕ್ತೀವಿ. ಅಜ್ಜಿಯ ಬೆಂಚಿನ ಬಗ್ಗೆ ಬಂದಿದ್ದನ್ನ ಪ್ರಿಂಟ್ ತೆಗೆದು ಆಯಾ ಪುರಸಭೆಗೂ ಕಳಿಸ್ತೀವಿ.