ಸರದಿಯೂ ಒಂದು ವ್ರತ

ಭಗವಾನ್ ಮಹಾವೀರರು ಪಾವಾಪುರಿಯಲ್ಲಿ ನಿರ್ವಾಣ ಹೊಂದಿದ ದಿನವನ್ನು ಜೈನರು ದೀಪಾವಳಿಯಾಗಿ ಆಚರಿಸುತ್ತಾರೆ. ಆ ಪುಣ್ಯದಿನದ ಹಿಂದಿನ ಸಂಜೆ ಬೆಂಗಳೂರಿನ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ರೈಲು ನಿಲ್ದಾಣದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಹುಬ್ಬಳ್ಳಿ, ಬೆಳಗಾವಿ, ಕಲಬುರಗಿಯ ಕಡೆಗೆ ಹೊರಟವರು, ಕೂಲಿ ಮುಗಿಸಿ ಊರು ಸೇರಬೇಕಾದವರು, ಮಗುವನ್ನು ಸೊಂಟದಲ್ಲಿರಿಸಿಕೊಂಡ ತಾಯಂದಿರು ಸಾಮಾನ್ಯ ಬೋಗಿಯ ಟಿಕೆಟಿಗಾಗಿ ಸಾಲುಗಟ್ಟಿ ನಿಂತಿರುತ್ತಾರೆ. ಅಷ್ಟರಲ್ಲಿ ಪಕ್ಕದಿಂದ ಒಬ್ಬನು ಬಂದು, “ಒಂದೇ ಟಿಕೆಟ್, ಸರಿಯಾದ ಚಿಲ್ಲರೆ ಇದೆ, ಗಾಡಿ ಹೊರಡುವ ಹೊತ್ತಾಯಿತು” ಎನ್ನುತ್ತ ಕೌಂಟರಿನ ಕಿಂಡಿಯೊಳಗೆ ಕೈ ತೂರಿಸುತ್ತಾನೆ. ಹಿಂದಿನವರು ಗೊಣಗುತ್ತಾರೆ. ಆದರೆ ಯಾರೂ ಅವನನ್ನು ಕಳ್ಳನೆನ್ನುವುದಿಲ್ಲ. ಅವನೂ ಹಾಗೆ ಭಾವಿಸದೆ ಮರುದಿನ ಮುಂಜಾನೆ ಶುಚಿರ್ಭೂತನಾಗಿ ನಿರ್ವಾಣಪೂಜೆಗೆ ಕುಳಿತುಕೊಳ್ಳುತ್ತಾನೆ.

ಶ್ರಾವಕನ ಐದು ಅಣುವ್ರತಗಳಲ್ಲಿ ಅಚೌರ್ಯವು ಮೂರನೆಯದು. ಜೈನಶಾಸ್ತ್ರಗಳು ಕಳವನ್ನು ‘ಅದತ್ತಾದಾನ’ ಎಂದು ಕರೆಯುತ್ತವೆ. ಉಳ್ಳವರು ಕೊಡದೆ ಇದ್ದುದನ್ನು ತೆಗೆದುಕೊಳ್ಳುವುದೆಂದು ಅದರ ಅರ್ಥ. ಇದರಲ್ಲಿ ಹಣ, ಒಡವೆ ಎಂಬ ಮಿತಿಯಿಲ್ಲ. ನೂರು ಮಂದಿಯ ಸಾಲಿಗೆ ಮುಂದಿನಿಂದ ನುಗ್ಗಿದವನು ಎರಡೇ ನಿಮಿಷ ತೆಗೆದುಕೊಂಡನೆಂದಿಟ್ಟುಕೊಳ್ಳೋಣ. ಆ ಎರಡು ನಿಮಿಷಗಳನ್ನು ಅವನು ನೂರು ಮಂದಿಯಿಂದಲೂ ತೆಗೆದುಕೊಂಡಿರುತ್ತಾನೆ. ಒಟ್ಟು ಇನ್ನೂರು ನಿಮಿಷ; ಮೂರು ಗಂಟೆಗೂ ಮಿಗಿಲು. ಸಾಲಿನ ಕೊನೆಯಲ್ಲಿ ನಿಂತ ವೃದ್ಧೆಗೆ ಗಾಡಿ ತಪ್ಪಲು ಅದರಲ್ಲಿ ಎರಡು ನಿಮಿಷವೇ ಸಾಕು.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ದೋಷವಿದೆ. ಅದು ದಯೆಯ ವೇಷದಲ್ಲಿ ಬರುತ್ತದೆ. ಸಾಲಿನ ಮುಂಭಾಗದಲ್ಲಿದ್ದವರೊಬ್ಬರು ಪರಿಚಿತರನ್ನು ಕಂಡೊಡನೆ, “ಬನ್ನಿ, ನನ್ನ ಮುಂದೆ ನಿಲ್ಲಿ” ಎಂದು ಕರೆಯುತ್ತಾರೆ. ಉಪಕಾರ ಮಾಡಿದೆನೆಂದು ತೃಪ್ತಿಪಡುತ್ತಾರೆ. ಆದರೆ ಅವರು ಕೊಟ್ಟದ್ದು ಯಾರ ಸ್ವತ್ತು? ಹೊಸಬರು ಒಳಬಂದೊಡನೆ ಹಿಂದಿರುವ ಪ್ರತಿಯೊಬ್ಬರೂ ಒಂದು ಹೆಜ್ಜೆ ಹಿಂದಾದರು. ಅವರನ್ನು ಯಾರೂ ಕೇಳಲಿಲ್ಲ. ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಅಚೌರ್ಯವನ್ನು ನಿರೂಪಿಸುವಾಗ, ಪರರ ಸ್ವತ್ತನ್ನು ತಾನು ತೆಗೆದುಕೊಳ್ಳದಿರುವುದರ ಜೊತೆಗೆ ಅದನ್ನು ಮತ್ತೊಬ್ಬರಿಗೆ ಕೊಡದಿರುವುದನ್ನೂ ಸೇರಿಸಿದ್ದಾರೆ. ತನ್ನ ಸ್ಥಾನವನ್ನು ಬಿಟ್ಟುಕೊಟ್ಟು ತಾನು ಸಾಲಿನ ಕೊನೆಗೆ ಹೋಗಿ ನಿಂತರೆ ಅದು ದಾನ. ತನ್ನ ಸ್ಥಾನವನ್ನೂ ಉಳಿಸಿಕೊಂಡು ಔದಾರ್ಯ ತೋರಿದರೆ ಅದು ಪರರ ಗಂಟಿನಲ್ಲಿ ಮಾಡಿದ ಉಪಕಾರ.

ಹಾಗಾದರೆ ಮರಣಶಯ್ಯೆಯಲ್ಲಿರುವ ತಂದೆಯನ್ನು ಕಾಣಲು ಓಡಿಬಂದವನೂ ಕೊನೆಯಲ್ಲೇ ನಿಲ್ಲಬೇಕೆ? ಧರ್ಮವು ಅಷ್ಟು ಕಠೋರವಲ್ಲ. ಅವನು ತನ್ನ ಸಂಕಟವನ್ನು ಹೇಳಿ ಸಾಲಿನವರ ಅನುಮತಿ ಕೇಳಲಿ. ಅವರು ಒಪ್ಪಿದರೆ ಆ ಸ್ಥಾನವು ‘ಅದತ್ತ’ವಾಗಿ ಉಳಿಯದೆ ‘ದತ್ತ’ವಾಗುತ್ತದೆ. ಕೇಳಿದರೆ ಇಲ್ಲವೆನ್ನುವವರು ವಿರಳ. ನುಗ್ಗುವವನಿಗೂ ಬೇಡುವವನಿಗೂ ದೊರೆಯುವ ಟಿಕೆಟ್ ಒಂದೇ ಆದರೂ ಅಂಟುವ ಕರ್ಮ ಒಂದೇ ಅಲ್ಲ.

ದಲ್ಲಾಳಿಯಿಂದ ಹೆಚ್ಚು ಹಣಕ್ಕೆ ಟಿಕೆಟ್ ಕೊಳ್ಳುವವರ ಮಾತೂ ಇಲ್ಲಿಯೇ ಬರುತ್ತದೆ. ಅನುಮತಿಯಿಲ್ಲದೆ ಟಿಕೆಟ್ ವ್ಯಾಪಾರ ಮಾಡುವುದು ರೈಲ್ವೆ ಕಾಯ್ದೆಯ 143ನೇ ಕಲಮಿನಂತೆ ದಂಡನಾರ್ಹ ಅಪರಾಧ. ತತ್ತ್ವಾರ್ಥಸೂತ್ರವು ಅಚೌರ್ಯವ್ರತದ ಐದು ಅತಿಚಾರಗಳನ್ನು ಹೇಳುವಾಗ, ಕದ್ದು ತಂದುದನ್ನು ಕೊಳ್ಳುವುದನ್ನೂ ರಾಜ್ಯದ ಕಟ್ಟಳೆಯನ್ನು ಮೀರುವುದನ್ನೂ ಎಣಿಸಿದೆ. “ನಾನೇನು ಕದ್ದೆನೇ? ದುಡ್ಡು ಕೊಟ್ಟೆ” ಎಂಬ ಸಮಾಧಾನಕ್ಕೆ ಅಲ್ಲಿ ಎಡೆಯಿಲ್ಲ.

ಸಾಲು ಮುರಿದಲ್ಲಿ ಗುಂಪು ಹುಟ್ಟುತ್ತದೆ. ಆಗ ಪ್ರಶ್ನೆಯು ಅಚೌರ್ಯವನ್ನು ದಾಟಿ ಮೊದಲ ವ್ರತವಾದ ಅಹಿಂಸೆಗೆ ಬಂದು ಮುಟ್ಟುತ್ತದೆ. 2025ರ ಫೆಬ್ರುವರಿ 15ರ ರಾತ್ರಿ, ಪ್ರಯಾಗರಾಜದ ಕುಂಭಮೇಳದ ಸಮಯದಲ್ಲಿ, ನವದೆಹಲಿ ರೈಲು ನಿಲ್ದಾಣದ ನೂಕುನುಗ್ಗಲಿನಲ್ಲಿ 18 ಮಂದಿ ಪ್ರಾಣ ಕಳೆದುಕೊಂಡರು. ಒಬ್ಬ ಪ್ರಯಾಣಿಕರ ತಲೆಯ ಮೇಲಿದ್ದ ದೊಡ್ಡ ಹೊರೆ ಬಿದ್ದು, ಅದರಿಂದಾದ ಒತ್ತಡವು 14–15ನೇ ಪ್ಲಾಟ್‌ಫಾರ್ಮಿನ ಮೆಟ್ಟಿಲುಗಳಿಗೆ ಹರಡಿ ಜನರು ಎಡವಿದರೆಂದು ಸಂಸತ್ತಿಗೆ ನೀಡಿದ ಉತ್ತರದಲ್ಲಿ ರೈಲ್ವೆ ಸಚಿವರು ತಿಳಿಸಿದರು.

ಹೊರೆ ಹೊತ್ತವರನ್ನು ಕೊಲೆಗಾರರೆನ್ನಲಾಗದು. ಅಲ್ಲಿದ್ದ ಯಾರಿಗೂ ಕೊಲ್ಲುವ ಸಂಕಲ್ಪವಿರಲಿಲ್ಲ. ಆದರೂ ಪ್ರಾಣಗಳು ಹೋದವು. ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದಕ್ಕೆ, ಎಂದರೆ ಎಚ್ಚರಗೇಡಿತನಕ್ಕೆ, ಪ್ರಧಾನ ಸ್ಥಾನ ಕೊಟ್ಟಿರುವುದರ ಅರ್ಥ ಇಂತಹ ಕಡೆಗಳಲ್ಲಿ ಹೊಳೆಯುತ್ತದೆ. ಗುಂಪಿನ ಹಿಂದಿನಿಂದ ತಳ್ಳುವವನಿಗೆ ಮುಂದೆ ಬಿದ್ದವರ ಮುಖ ಕಾಣುವುದಿಲ್ಲ. ಅವನ ಪಾಲಿಗೆ ಅದು ಬರಿಯ ಒಂದು ಹೆಜ್ಜೆ. ಅಂತಹ ಹೆಜ್ಜೆಗಳೆಲ್ಲ ಕೂಡಿ ಮುಂದಿನವರ ಎದೆಯ ಮೇಲೆ ಭಾರವಾಗಿ ಕುಳಿತಾಗ ಉಸಿರು ನಿಲ್ಲುತ್ತದೆ.

ದಿಗಂಬರ ಮುನಿಗಳು ರೈಲು ಹತ್ತುವುದಿಲ್ಲ. ಅವರು ಈರ್ಯಾಸಮಿತಿಯನ್ನು ಪಾಲಿಸುತ್ತ, ನಾಲ್ಕು ಮೊಳದಷ್ಟು ಮುಂದಿನ ನೆಲವನ್ನು ನೋಡಿಕೊಂಡು, ಇರುವೆಗೂ ನೋವಾಗದಂತೆ ನಡೆಯುತ್ತಾರೆ. ಅವರ ಪಾದಗಳಿಗೆ ನಮಿಸುವ ಗೃಹಸ್ಥನಿಗೆ ಅದೇ ವ್ರತವನ್ನು ಅಲ್ಪಾಂಶದಲ್ಲಾದರೂ ಅಭ್ಯಾಸ ಮಾಡಲು ನಿಲ್ದಾಣದ ಮೆಟ್ಟಿಲುಗಳಿಗಿಂತ ಒಳ್ಳೆಯ ಸ್ಥಳವಿಲ್ಲ. ಶ್ರವಣಬೆಳಗೊಳದ ವಿಂಧ್ಯಗಿರಿಯಲ್ಲಿ ಬಂಡೆಯಲ್ಲಿ ಕಡೆದ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಬರಿಗಾಲಲ್ಲಿ ಏರುವ ಭಕ್ತರು ದಣಿದು ಕುಳಿತವರಿಗೆ ದಾರಿ ಬಿಡುತ್ತಾರೆ. ಡೋಲಿ ಬಂದರೆ ಬದಿಗೆ ಸರಿಯುತ್ತಾರೆ. ಬೆಟ್ಟ ಇಳಿದು ರೈಲು ಹಿಡಿಯುವ ಹೊತ್ತಿಗೆ ಅದೇ ಜನ ಮೊಣಕೈ ಬಳಸುವುದೇಕೆ? ಗೊಮ್ಮಟೇಶ್ವರನ ಸನ್ನಿಧಿಯಲ್ಲಿ ಇದ್ದ ಎಚ್ಚರ ಪ್ಲಾಟ್‌ಫಾರ್ಮಿನಲ್ಲಿ ಇಲ್ಲವಾದರೆ, ಯಾತ್ರೆಯ ಫಲವನ್ನು ಬೆಟ್ಟದ ಬುಡದಲ್ಲಿಯೇ ಬಿಟ್ಟುಬಂದಂತೆ.

“ಸಾಲಿನಲ್ಲಿ ನಿಂತವನಿಗೆ ಸೀಟಿಲ್ಲ, ನುಗ್ಗಿದವನಿಗೇ ಸೀಟು” ಎನ್ನುವವರಿದ್ದಾರೆ. ಈ ಮಾತಿನಲ್ಲಿ ನೋವೂ ಇದೆ, ಸತ್ಯಾಂಶವೂ ಇದೆ. ಹಬ್ಬದ ದಿನಗಳಲ್ಲಿ ಸಾಮಾನ್ಯ ಬೋಗಿಗಳು ಸಾಲದಿದ್ದರೆ, ಇರುವ ಕೌಂಟರುಗಳಲ್ಲಿ ಕೆಲವು ಮುಚ್ಚಿದ್ದರೆ, ಕೊನೆಯ ಗಳಿಗೆಯಲ್ಲಿ ಪ್ಲಾಟ್‌ಫಾರ್ಮ್ ಬದಲಾದರೆ, ಬಡ ಪ್ರಯಾಣಿಕನಿಗೆ ತಾಳ್ಮೆಯ ಉಪದೇಶವಷ್ಟನ್ನೇ ಮಾಡುವುದು ಧರ್ಮವಲ್ಲ. ಪ್ರಮಾದವು ತಳ್ಳುವವನಲ್ಲಿ ಮಾತ್ರವಲ್ಲ, ವ್ಯವಸ್ಥೆ ಮಾಡಬೇಕಾದವರ ಮೇಜಿನ ಬಳಿಯೂ ಇರಬಲ್ಲದು. ನವದೆಹಲಿಯ ದುರಂತದ ಬಳಿಕ ದಟ್ಟಣೆಯ ನಿಲ್ದಾಣಗಳ ಹೊರಗೆ ಪ್ರಯಾಣಿಕರು ಕಾಯಲು ಪ್ರತ್ಯೇಕ ಸ್ಥಳಗಳನ್ನು ನಿರ್ಮಿಸಲು ರೈಲ್ವೆ ಮುಂದಾಯಿತು. ಇದು ಅಹಿಂಸೆಯ ಕಾರ್ಯವೇ ಸರಿ. ಪ್ರಾಣಗಳು ಹೋಗುವ ಮುನ್ನವೇ ಆಗಬೇಕಿತ್ತು. ಆದರೆ ವ್ಯವಸ್ಥೆಯ ಕೊರತೆಯು ಮುಂದಿನವರನ್ನು ತುಳಿಯಲು ಯಾರಿಗೂ ಕೊಟ್ಟ ಪರವಾನಗಿಯಲ್ಲ. ಕೊರತೆಯಿರುವಲ್ಲಿಯೇ ವ್ರತದ ಪರೀಕ್ಷೆ.

ಸಾಮಾಯಿಕಕ್ಕೆ ಕುಳಿತ ಶ್ರಾವಕನು ಒಂದು ಮುಹೂರ್ತ, ಎಂದರೆ 48 ನಿಮಿಷ, ಸಮಭಾವದಲ್ಲಿರಲು ಯತ್ನಿಸುತ್ತಾನೆ. ಟಿಕೆಟಿನ ಸಾಲು ಕೆಲವೊಮ್ಮೆ ಅಷ್ಟೇ ಸಮಯ ಬೇಡುತ್ತದೆ. ಅಲ್ಲಿ ಕ್ರೋಧ, ಮಾನ, ಮಾಯೆ, ಲೋಭಗಳೆಂಬ ನಾಲ್ಕೂ ಕಷಾಯಗಳು ಒಂದೊಂದಾಗಿ ತಲೆಯೆತ್ತುವುದನ್ನು ಕಾಣಬಹುದು. ಅಂದಿನ ಪ್ರತಿಕ್ರಮಣದಲ್ಲಿ ದಿನದ ದೋಷಗಳನ್ನು ನೆನೆಯುವಾಗ ಆ ಸಾಲನ್ನೂ ನೆನೆಯಬೇಕು: ಯಾರ ಸರದಿಯನ್ನು ತೆಗೆದುಕೊಂಡೆ, ಯಾರನ್ನು ತಳ್ಳಿದೆ, ಬಿದ್ದವರನ್ನು ಎತ್ತಿದೆನೇ, ದಾಟಿ ಹೋದೆನೇ? ಈ ಪ್ರಶ್ನೆಗಳನ್ನು ಅಳುಕಿಲ್ಲದೆ ಎದುರಿಸಬಲ್ಲವನು ಮಾರನೆಯ ಮುಂಜಾನೆ ಬೆಳಗುವ ನಿರ್ವಾಣದೀಪಕ್ಕೆ ಬೆಲೆಯಿದೆ. ಅವನ ಗಾಡಿ ತಪ್ಪಿಹೋಗಿದ್ದರೂ ಸರಿಯೇ.