ಬ್ರೇಕ್ ಇನ್ಸ್‌ಪೆಕ್ಟರ ಕಣ್ಣಿಗೆ ಬೀಳದ ಮಾರ್ಪಾಡು

ಕಾಸರಗೋಡು: ಅಗಲ ಟಯರು, ಅಬ್ಬರಿಸುವ ಸೈಲೆನ್ಸರ್, ಬಣ್ಣದ ಲೈಟು ಕಂಡರೆ ಕೇರಳದ ಮೋಟಾರು ವಾಹನ ಇಲಾಖೆ ದಂಡ ಹಾಕುತ್ತದೆ. 2021ರ ಆಗಸ್ಟ್‌ನಲ್ಲಿ ಕಣ್ಣೂರಿನಲ್ಲಿ ವ್ಲಾಗರ್ ಸಹೋದರರ ಮಾರ್ಪಡಿಸಿದ ವ್ಯಾನನ್ನು ವಶಪಡಿಸಿಕೊಂಡಾಗ ಎದ್ದ ಗದ್ದಲ ಓದುಗರಿಗೆ ನೆನಪಿರಬಹುದು. ಆದರೆ ಎಂಜಿನ್ನಿಗೆ ಎಷ್ಟು ಇಂಧನ ಹೋಗಬೇಕೆಂಬ ಲೆಕ್ಕವನ್ನೇ ಲ್ಯಾಪ್‌ಟಾಪಿನಿಂದ ತಿದ್ದಿದ ಕಾರು ಅದೇ ತಪಾಸಣೆಯನ್ನು ಸಲೀಸಾಗಿ ದಾಟಿ ಹೋಗುತ್ತದೆ. ಹೊರಗೆ ಕಾಣುವುದಕ್ಕೆ ಏನೂ ಇಲ್ಲವಲ್ಲ!

ಕಾರ್ಬ್ಯುರೇಟರ್ ಕಾಲದಲ್ಲಿ ಮೆಕ್ಯಾನಿಕ್ ತಿರುಪು ತಿರುಗಿಸಿ, ಸದ್ದಿಗೆ ಕಿವಿಗೊಟ್ಟು ಹದ ಮಾಡುತ್ತಿದ್ದ. ಈಗ ಆ ಕೆಲಸ ಇಸಿಯು ಎಂಬ ಪುಟ್ಟ ಕಂಪ್ಯೂಟರಿನದ್ದು. ಎಂಜಿನ್ ಇಷ್ಟು ವೇಗದಲ್ಲಿ ಇಷ್ಟು ಭಾರ ಎಳೆಯುವಾಗ ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿರಬೇಕು ಎಂಬ ಕೋಷ್ಟಕ ಅದರೊಳಗಿದೆ. 1 ಕೆ.ಜಿ. ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕೆ.ಜಿ. ಗಾಳಿ ಬೇಕು. ಹೊಗೆಯ ವಿಷವನ್ನು ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಸರಿಯಾಗಿ ಕೆಲಸ ಮಾಡುವುದೂ ಈ ಪ್ರಮಾಣದ ಆಸುಪಾಸಿನಲ್ಲಿ ಮಾತ್ರ.

ದೊಡ್ಡ ಟರ್ಬೋ ಕೂರಿಸಿದರೆ ಎಂಜಿನ್ ಹೆಚ್ಚು ಗಾಳಿ ಕುಡಿಯುತ್ತದೆ. ಆಗ ಕೋಷ್ಟಕವನ್ನೂ ತಿದ್ದಲೇಬೇಕು. ಇಲ್ಲವಾದರೆ ಇಂಧನ ಸಾಲದೆ ಪಿಸ್ಟನ್ ಸುಟ್ಟುಹೋಗುವ ಅಪಾಯವಿದೆ. ಆದ್ದರಿಂದ ಟ್ಯೂನಿಂಗ್ ಎಂದೊಡನೆ ಹುಬ್ಬು ಗಂಟಿಕ್ಕುವುದು ಸರಿಯಲ್ಲ. ತಿಳಿದವರು ಗಾಡಿಯನ್ನು ಡೈನೋ ಯಂತ್ರದ ಮೇಲೆ ಓಡಿಸಿ, ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆದು, ಒಂದೊಂದೇ ಅಂಕಿಯನ್ನು ಕೂರಿಸುತ್ತಾರೆ. ತೊಂದರೆ ಇರುವುದು ಎಲ್ಲಿಂದಲೋ ತಂದ ಒಂದೇ ಫೈಲನ್ನು ಬಂದ ಗಾಡಿಗೆಲ್ಲ ತುಂಬಿಸುವವರಲ್ಲಿ. ಡೀಸೆಲ್ ಕಾರುಗಳಿಗೆ ಹಾಕುವ ಕೆಲವು 'ಟ್ಯೂನಿಂಗ್ ಬಾಕ್ಸ್'ಗಳಂತೂ ಇನ್ನೂ ಸುಲಭದ ದಾರಿ ಹಿಡಿಯುತ್ತವೆ. ಇಂಧನದ ಒತ್ತಡ ಕಡಿಮೆ ಇದೆ ಎಂದು ಇಸಿಯುಗೆ ಸುಳ್ಳು ಹೇಳುತ್ತವೆ, ಅದು ನಂಬಿ ಒತ್ತಡ ಏರಿಸುತ್ತದೆ. ಕಾರು ಜಿಗಿಯುತ್ತದೆ, ನಿಜ. ಕ್ಲಚ್ಚು, ಟರ್ಬೋ, ಇಂಜೆಕ್ಟರುಗಳ ಆಯುಷ್ಯ ತಗ್ಗುತ್ತದೆ. ಹಿಂದೆ ಬರುವ ಸ್ಕೂಟರಿನವನಿಗೆ ಕಪ್ಪು ಹೊಗೆ.

ಕಾನೂನು ಏನು ಹೇಳುತ್ತದೆ? ಕೇರಳದಿಂದಲೇ ಹೋದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಕಂಪೆನಿ ನಿಗದಿಪಡಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಬದಲಿಸಬಾರದು ಎಂದಿತು. ಅದೇ ವರ್ಷದ ತಿದ್ದುಪಡಿ ಪ್ರಕಾರ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲಕನಿಗೆ 5,000 ರೂ. ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಆದರೆ 52ನೇ ಸೆಕ್ಷನ್ ಮಾರ್ಪಾಡು ಎಂದರೆ ವಾಹನದ 'ರಚನೆ'ಯಲ್ಲಿ ಆಗುವ, ಮೂಲ ಲಕ್ಷಣವನ್ನೇ ಬದಲಿಸುವ ವ್ಯತ್ಯಾಸ ಎಂದು ವಿವರಿಸುತ್ತದೆ. ಅಂಕಿ ತಿದ್ದಿದರೆ ರಚನೆ ಬದಲಾದಂತೆಯೇ? ವಕೀಲರಿಗೆ ವಾದಿಸಲು ಸಾಕಷ್ಟು ಜಾಗವಿದೆ. ಮಾಲಿನ್ಯದ ಮಿತಿ ಮೀರಿದರೆ 10,000 ರೂ.ವರೆಗೆ ದಂಡ ವಿಧಿಸುವ ಇನ್ನೊಂದು ಸೆಕ್ಷನ್ ಇದೆಯಾದರೂ ಅದಕ್ಕೆ ಅಳತೆ ಬೇಕು. ಪೊಲ್ಯೂಷನ್ ಸರ್ಟಿಫಿಕೇಟಿಗೆ ಗಾಡಿ ನಿಲ್ಲಿಸಿಯೇ ಪರೀಕ್ಷಿಸುತ್ತಾರೆ. ಗುಡ್ಡ ಹತ್ತುವಾಗ ಬರುವ ಹೊಗೆ ಅಲ್ಲಿ ಬರುವುದಿಲ್ಲ. ನೈಟ್ರೋಜನ್ ಆಕ್ಸೈಡುಗಳನ್ನಂತೂ ಅಲ್ಲಿ ಅಳೆಯುವುದೇ ಇಲ್ಲ. ಪರೀಕ್ಷೆಯ ಹೊತ್ತಿಗೆ ಮಾತ್ರ ಸಾಚಾ ಆಗುವ ಸಾಫ್ಟ್‌ವೇರನ್ನು ಫೋಕ್ಸ್‌ವ್ಯಾಗನ್ ಕಂಪೆನಿಯೇ ಜಗತ್ತಿನ ಸುಮಾರು 1.1 ಕೋಟಿ ಡೀಸೆಲ್ ಕಾರುಗಳಲ್ಲಿ ಇಟ್ಟಿದ್ದು 2015ರಲ್ಲಿ ಬಯಲಾಯಿತು. ದೊಡ್ಡ ದೊಡ್ಡ ಪ್ರಯೋಗಾಲಯಗಳೇ ಮೋಸಹೋದ ಮೇಲೆ ರಸ್ತೆ ಬದಿಯ ಬ್ರೇಕ್ ಇನ್ಸ್‌ಪೆಕ್ಟರನ್ನು ದೂರಿ ಫಲವೇನು?

ಗಡಿಯವರಾದ ನಮಗೆ ಇದು ತಟ್ಟುವುದು ಸೆಕೆಂಡ್‌ಹ್ಯಾಂಡ್ ವ್ಯವಹಾರದಲ್ಲಿ. ಮಂಗಳೂರು ಕಡೆಯ ಗಾಡಿ ಎನ್‌ಒಸಿಯೊಂದಿಗೆ ಇತ್ತ ಬರುವಾಗ ಚಾಸಿಸ್ ನಂಬ್ರ, ಎಂಜಿನ್ ನಂಬ್ರ ತಾಳೆ ನೋಡುತ್ತಾರೆ. ಒಳಗಿನ ಕೋಷ್ಟಕವನ್ನು ಯಾರೂ ನೋಡುವುದಿಲ್ಲ. ಮೋಜು ಮಾಡಿದವನು ಗಾಡಿ ಮಾರಿ ಕೈತೊಳೆದುಕೊಳ್ಳುತ್ತಾನೆ. ಎಂಜಿನ್ ಕೈಕೊಟ್ಟಾಗ ವಾರಂಟಿ ಇಲ್ಲವೆಂದು, ಅಪಘಾತವಾದಾಗ ಮಾರ್ಪಾಡನ್ನು ತಿಳಿಸಲಿಲ್ಲವೆಂದು ವಿಮೆಯವರಿಂದ ಆಕ್ಷೇಪ ಕೇಳಬೇಕಾಗಿ ಬರುವುದು ಎರಡನೆಯ ಮಾಲಕ.

ಇದರ ಜತೆಗೆ ಇ20 ಬಂದಿದೆ. ತಲಪಾಡಿಯ ಆಚೆ ಅಗ್ಗವೆಂದು ತುಂಬಿಸಿದರೂ, ಈಚೆ ತುಂಬಿಸಿದರೂ ಪೆಟ್ರೋಲಿನಲ್ಲಿ 20 ಶೇಕಡಾದವರೆಗೂ ಎಥೆನಾಲ್. ಅದು ಉರಿಯಲು ಕಡಿಮೆ ಗಾಳಿ ಸಾಕು, 14.7ರ ಲೆಕ್ಕ ಸುಮಾರು 13.5ಕ್ಕೆ ಇಳಿಯುತ್ತದೆ. ಸಾಮಾನ್ಯ ಓಟದಲ್ಲಿ ಆಮ್ಲಜನಕ ಸೆನ್ಸರ್ ನೋಡಿ ಇಸಿಯು ತಾನೇ ಸರಿಪಡಿಸಿಕೊಳ್ಳುತ್ತದೆ. ಆದರೆ ಎಕ್ಸಲೇಟರ್ ಪೂರ್ತಿ ಒತ್ತಿದಾಗ ಹೆಚ್ಚಿನ ಗಾಡಿಗಳು ನೆಚ್ಚುವುದು ಬರೆದಿಟ್ಟ ಕೋಷ್ಟಕವನ್ನೇ. ಹಳೆಯ ಪೆಟ್ರೋಲಿಗೆ ಅಂಚಿನವರೆಗೆ ಎಳೆದು ಟ್ಯೂನ್ ಮಾಡಿಸಿದ ಕಾರಿಗೆ ಅಲ್ಲಿ ಇಂಧನ ಕಡಿಮೆ ಬೀಳಬಹುದು. ಅಂಥವರು ಮತ್ತೊಮ್ಮೆ ಅಳೆಸಿ ನೋಡುವುದು ಒಳಿತು.

ಹಳೆ ಕಾರು ಕೊಳ್ಳುವವರು ಮುಂಗಡ ಕೊಡುವ ಮೊದಲು ಕಂಪೆನಿಯ ಸರ್ವಿಸ್ ಸೆಂಟರಿನಲ್ಲಿ ಇಸಿಯುವಿನ ಕ್ಯಾಲಿಬ್ರೇಶನ್ ನಂಬ್ರವನ್ನೂ ಅದರ ತಾಳೆ ನಂಬ್ರವನ್ನೂ ಓದಿಸಬಹುದು. ಫೈಲು ತಿದ್ದಿದ್ದರೆ ಮೊದಲನೆಯದು ಹಾಗೇ ಇದ್ದರೂ ಎರಡನೆಯದು ಸಾಮಾನ್ಯವಾಗಿ ಬದಲಾಗಿರುತ್ತದೆ. ಸ್ಕ್ಯಾನರ್ ಸಿಕ್ಕಿಸಿದರೆ ಕೆಲವೇ ನಿಮಿಷಗಳ ಕೆಲಸ. ಪೊಲ್ಯೂಷನ್ ಪರೀಕ್ಷೆಯಲ್ಲಿ ಮಾತ್ರ ಈ ನಂಬ್ರ ಓದುವ ಕ್ರಮ ಇನ್ನೂ ಇಲ್ಲ.